ಹಳೆಯ ಮಿಯಾಟಾಗೆ ಮೊದಲು ರಬ್ಬರು, ಆಮೇಲೆ ಅಶ್ವಶಕ್ತಿ

ನಮ್ಮೂರ ಕಡೆ ಮಜ್ದಾ ಎಂದರೆ ಸ್ವರಾಜ್ ಮಜ್ದಾ ವ್ಯಾನು ನೆನಪಾಗುತ್ತದೆ. ಅದೇ ಜಪಾನಿ ಕಂಪನಿ 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಎರಡೇ ಸೀಟಿನ, ಟಾಪ್ ಮಡಚುವ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ತೋರಿಸಿತು: ಮಿಯಾಟಾ. ತೂಕ ಹೆಚ್ಚುಕಡಿಮೆ ಒಂದು ಟನ್. ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಪೋರ್ಟ್‌ಲ್ಯಾಂಡಿನ ನಮ್ಮ ಮನೆ ಶೆಡ್ಡಿನಲ್ಲಿರುವುದು 1994ರ ಕೆಂಪು ಬಣ್ಣದ್ದು, 1.8 ಲೀಟರ್ ಎಂಜಿನ್. ಅದರ ಕೆಲಸವೆಲ್ಲ ನಾನೇ ಮಾಡುತ್ತೇನೆ.

ಇಲ್ಲಿನ ಕನ್ನಡದ ಹುಡುಗರು ಇಂಥದ್ದೊಂದನ್ನು ಕೊಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಟರ್ಬೊ ಹಾಕಿಸಲಾ?" ನಾನು ಹೇಳುವುದೂ ಒಂದೇ: "ಮೊದಲು ಸೀಟಿನ ಹಿಂದಿನ ಕಾರ್ಪೆಟ್ ಮೇಲೆ ಕೈಯಿಟ್ಟು ನೋಡೋ, ಒದ್ದೆ ಇದೆಯಾ?"

ಈ ಕಾರಿನ ಎಂಜಿನ್ ಗಟ್ಟಿ ಜೀವ. ಹಾಳಾಗುವುದು ತಗಡು ಮತ್ತು ರಬ್ಬರು. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡು ಬದಿಯ ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರಗಳ ಮುಂದೆ ಹೊರಬೀಳಬೇಕು. ತರಗೆಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಉಕ್ಕಿ ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ನಿಲ್ಲುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವಷ್ಟರಲ್ಲಿ ಒಳಗಿನ ತಗಡು ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಮಳೆ ಹಿಡಿಯುವ ಮುಂಚೆ ಎರಡೂ ಕಡೆ ಒಂದೊಂದು ಲೋಟ ನೀರು ಹುಯ್ದು ನೋಡಿ, ಸರಾಗವಾಗಿ ಕೆಳಗೆ ಸುರಿಯಬೇಕು. ಕಟ್ಟಿದ್ದರೆ ಹುಲ್ಲು ಕತ್ತರಿಸುವ ಮೆಷಿನ್ನಿನ ಪ್ಲಾಸ್ಟಿಕ್ ದಾರವನ್ನು ಮೆಲ್ಲಗೆ ತೂರಿಸಿ. ಕಬ್ಬಿಣದ ತಂತಿ ಬೇಡವೇ ಬೇಡ, ಕೊಳವೆಯೇ ತೂತಾದೀತು.

ಇನ್ನು ಗೇರ್ ರಾಡು. ನನ್ನ ಪ್ರಕಾರ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸುಖ ಕೊಡುವ ಕೆಲಸ ಇದು. ನಡುವಿನ ಕನ್ಸೋಲ್ ಬಿಚ್ಚಿದರೆ ರಾಡಿನ ಬುಡದಲ್ಲಿ ಎರಡು ರಬ್ಬರ್ ಬೂಟ್ ಸಿಗುತ್ತವೆ. ಒಳಗಿನ ಚಿಕ್ಕದು ಹರಿದಿದ್ದರೆ ಗೇರ್‌ಬಾಕ್ಸಿನ ಬಿಸಿಯೂ ಸದ್ದೂ ನೇರ ಕಾರಿನೊಳಕ್ಕೆ ಬರುತ್ತವೆ. ರಾಡು ಕೂರುವ ಪುಟ್ಟ ಗುಳಿಯಲ್ಲಿ ಬೇರೆಯದೇ ಎಣ್ಣೆ ಇರುತ್ತದೆ. ಗೇರ್ ಆಯಿಲ್ ಬದಲಿಸುವಾಗ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಸಿರಿಂಜಿನಲ್ಲಿ ಎಳೆದರೆ ಕಾಕಂಬಿಯಂತೆ ಕಪ್ಪಗೆ ಬರುತ್ತದೆ. ಹೊಸ ಎಣ್ಣೆ, ಹೊಸ ಬೂಟು, ರಾಡಿನ ತುದಿಗೆ ಹೊಸ ಪ್ಲಾಸ್ಟಿಕ್ ಬುಷ್ ಹಾಕಿ ಓಡಿಸಿ ನೋಡಿ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗಲೇ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಬದಲಾಗಬೇಕು. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ವಾಲ್ವ್ ಬಾಗುವುದಿಲ್ಲ, ಆದರೆ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಬಿಚ್ಚಿದಾಗಲೇ ವಾಟರ್ ಪಂಪನ್ನೂ ಆಯಿಲ್ ಸೀಲುಗಳನ್ನೂ ಬದಲಿಸಿ. ಬಿಚ್ಚುವ ಕೆಲಸ ಅದೇ. ರೇಡಿಯೇಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸೀಳುವ ಕಾಲ ಹತ್ತಿರ ಬಂದಿದೆ ಎಂದರ್ಥ, ಕಾಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿ. ಕ್ಲಚ್ ಆಯಿಲ್ ಇಳಿಯುತ್ತಿದ್ದರೆ ಕೆಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು.

ಟೈರು ಸವೆದಿಲ್ಲ ಎಂದು ನೆಮ್ಮದಿಯಾಗಿರಬೇಡಿ. ಇಂಥ ಕಾರು ಓಡುವುದೇ ಕಡಿಮೆ; ಗೀರು ಹಾಗೇ ಇದ್ದು ರಬ್ಬರು ಗಟ್ಟಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಗಾಳಿ 26 ಪಿಎಸ್‌ಐ ಸಾಕು. ಗ್ಯಾರೇಜಿನವರು ಅಭ್ಯಾಸಬಲದಿಂದ 32 ತುಂಬಿಸಿಬಿಡುತ್ತಾರೆ, ಆಮೇಲೆ ಹಗುರವಾದ ಕಾರು ಗುಂಡಿ ಗುಂಡಿಗೂ ಕುಪ್ಪಳಿಸುತ್ತದೆ.

ಅಪ್‌ಗ್ರೇಡ್ ಎಂದು ದುಡ್ಡು ಹಾಕುವುದಾದರೆ ಒಳ್ಳೆಯ ಟೈರು, ಹೊಸ ಶಾಕ್ ಅಬ್ಸಾರ್ಬರ್, ನಾಲ್ಕೂ ಚಕ್ರದ ಅಲೈನ್‌ಮೆಂಟ್, ಉತ್ತಮ ಬ್ರೇಕ್ ಪ್ಯಾಡ್‌ಗಳಿಗೆ ಹಾಕಿ. ಟಾಪ್ ತೆರೆದು ಓಡಿಸುವ ಕಾರಾದ್ದರಿಂದ ಸೀಟಿನ ಹಿಂದೆ ರೋಲ್ ಬಾರ್ ಇರಲೇಬೇಕೆಂಬುದು ನನ್ನ ಹಟ. ಎತ್ತರ ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಕಂಡರೆ ನನಗಾಗದು. ಸಸ್ಪೆನ್ಷನ್ ಆಡಲು ಇರುವ ಜಾಗವೇ ಸ್ವಲ್ಪ, ಅದನ್ನೂ ತಿಂದುಹಾಕುತ್ತದೆ. ಟರ್ಬೊ ಬೇಕೇ ಬೇಕು ಎನ್ನುವವರು ಹೊಸ ರೇಡಿಯೇಟರ್, ಗಟ್ಟಿ ಕ್ಲಚ್ ಹಾಕಿಸಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳತೆ ಮಾಡಿಸಿದ ಮೇಲೆ ಬನ್ನಿ, ಕೂತು ಮಾತಾಡೋಣ.