ಹಗಲು ಎಬ್ಬಿಸಿ ಕೂರಿಸಿದರೆ ರಾತ್ರಿ ಮಲಗುತ್ತದೆಯೇ?

ರಾತ್ರಿ ಎರಡಕ್ಕೇ ಎದ್ದು ಮನೆ ತುಂಬ ಓಡಾಡುವ, ಮಧ್ಯಾಹ್ನ ಮುದ್ದೆ ತಟ್ಟೆಯ ಮುಂದೆಯೇ ತೂಕಡಿಸುವ ಮಗು ಹನಕೆರೆಯ ಯಾವ ಮನೆಯಲ್ಲಿ ಇದ್ದರೂ ಬೀದಿಯವರ ಬುದ್ಧಿಮಾತು ಒಂದೇ: 'ಹಗಲೊತ್ತು ಮನಗ್ಸಬ್ಯಾಡ ಕಣವ್ವ, ರಾತ್ರಿ ತಾನಾಗೇ ಮನೀಕತದೆ.' ಅಂದರೆ ತಪ್ಪೆಲ್ಲ ತಾಯಿಯದು. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಸ್ಮಿತ್-ಮೆಜೆನಿಸ್ ಸಿಂಡ್ರೋಮ್ ಎಂಬುದೊಂದಿದೆ. 15,000ದಿಂದ 25,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆಂದು ಅಂದಾಜು. 17ನೇ ಕ್ರೋಮೋಸೋಮಿನ ಚೂರೊಂದು ಇಲ್ಲವಾಗಿ, ಅದರ ಜೊತೆ ಆರ್‌ಎಐ1 ಜೀನಿನ ಒಂದು ಪ್ರತಿಯೂ ಹೋಗಿರುತ್ತದೆ; ಕೆಲವರಲ್ಲಿ ಆ ಜೀನೇ ಕೆಟ್ಟಿರುತ್ತದೆ. ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್ ನಮಗೆಲ್ಲ ಕತ್ತಲಾದ ಮೇಲೆ ಏರುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಏರುವುದು ಹಗಲಲ್ಲಿ, ಅದೂ ನಡುಮಧ್ಯಾಹ್ನದ ಆಸುಪಾಸು. ಅಂಥ ಹೊತ್ತಲ್ಲಿ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಕೂರಿಸಿದರೆ ಮಗು ರೇಗುತ್ತದೆ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತದೆ. ರಾತ್ರಿ ಮತ್ತೆ ಎರಡಕ್ಕೇ ಏಳುತ್ತದೆ. ಖುಷಿಯಾದಾಗ ತನ್ನನ್ನೇ ಬಿಗಿಯಾಗಿ ತಬ್ಬಿಕೊಳ್ಳುವುದು, ಬೆರಳು ನೆಕ್ಕಿ ಪುಸ್ತಕದ ಹಾಳೆ ಪಟಪಟನೆ ತಿರುವುವುದು ಈ ಮಕ್ಕಳ ಗುರುತು. ಇದನ್ನೆಲ್ಲ ಯಾವ ತಾಯಿ ಅಭ್ಯಾಸ ಮಾಡಿಸಲು ಸಾಧ್ಯ?

ಮೊಬೈಲಿನಿಂದ ಬಂತು ಎನ್ನುವವರಿಗೆ: ಇದನ್ನು ಗುರುತಿಸಿದ್ದು 1980ರ ದಶಕದಲ್ಲಿ. ಸೋದರಮಾವನನ್ನು ಮದುವೆಯಾದದ್ದಕ್ಕೆ ಎನ್ನುವವರಿಗೆ: ಸ್ಯಾನ್‌ಫಿಲಿಪ್ಪೊದಂಥ ನಿದ್ದೆಗೆಡಿಸುವ ರೋಗಗಳಿಗೆ ಆ ಮಾತು ಸಲ್ಲುತ್ತದೆ, ಇದಕ್ಕಲ್ಲ, ಇದು ಬಹುತೇಕ ಆ ಮಗುವಿನಲ್ಲೇ ಹೊಸದಾಗಿ ಆದದ್ದು. ಗಾಳಿ ಸೋಕಿದೆ ಎನ್ನುವವರಿಗೆ ಹೇಳುವುದೇನೂ ಉಳಿದಿಲ್ಲ. ತಾಯಿತ ಕಟ್ಟಿಸುವಾಗ ಒಬ್ಬರೂ ಪುರಾವೆ ಕೇಳುವುದಿಲ್ಲ. ಮಗುವಿನ ರಕ್ತ ಪರೀಕ್ಷೆ ಎಂದಾಕ್ಷಣ ಮನೆಮಂದಿಯೆಲ್ಲ ಪ್ರಶ್ನೆ ಕೇಳುತ್ತಾರೆ. ಓದಿದವರೂ ಇದಕ್ಕೆ ಹೊರತಲ್ಲ.

ಪರೀಕ್ಷೆಯ ಹೆಸರು ಕ್ರೋಮೋಸೋಮಲ್ ಮೈಕ್ರೋಅರೇ; ಮಾಮೂಲಿ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಸಣ್ಣ ಚೂರು ಹೋಗಿರುವುದು ಕಾಣದೇ ಇರಬಹುದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಾದ ಕೇಂದ್ರ. ಹಗಲಿನ ಮೆಲಟೋನಿನ್ ತಗ್ಗಿಸಲು ಬೆಳಿಗ್ಗೆ ಬೀಟಾ-ಬ್ಲಾಕರ್, ಸಂಜೆಗೆ ಮೆಲಟೋನಿನ್ ಕೊಟ್ಟು ಕೆಲವು ಮಕ್ಕಳ ನಿದ್ದೆ ಸುಧಾರಿಸಿದ್ದುಂಟು. ಅದನ್ನು ತಜ್ಞರೇ ಬರೆದುಕೊಡಬೇಕು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವಂಥದ್ದಲ್ಲ. ಅಲ್ಲಿಯವರೆಗೆ ಬಾಗಿಲಿಗೆ ಮಗುವಿನ ಕೈಗೆಟುಕದಷ್ಟು ಮೇಲೆ ಒಂದು ಚಿಲಕ ಹಾಕಿಸಿ. ರಾತ್ರಿ ಎಚ್ಚರವಿರುವ ಸರದಿಯನ್ನು ಅಪ್ಪನೂ ಅಜ್ಜಿಯೂ ಹಂಚಿಕೊಳ್ಳಲಿ.