ಕಲ್ಲು ನೆಲದಲ್ಲಿ ಹಿತ್ತಲ ತೋಟ

ಪುಣೆಯಂಥ ಊರಿನಲ್ಲಿ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಉಳಿದಿದ್ದರೆ ಅದನ್ನು ಹಿರಿಯರ ಪುಣ್ಯವೆಂದೇ ಎಣಿಸಬೇಕು. ಆದರೆ ಅಲ್ಲಿ ಗುದ್ದಲಿ ಹಾಕಿದವನಿಗೆ ಮೊದಲು ಸಿಗುವುದು ಮಣ್ಣಲ್ಲ, ಕಲ್ಲು. ಅನೇಕ ಕಡೆಗಳಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರುಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಗಟ್ಟಿಯಾಗಿ ಆದ ಕಲ್ಲು ಇದು. ನಮ್ಮ ವಿಜಾಪುರ, ಬೆಳಗಾವಿ ಸೀಮೆಗಳ ಕೆಳಗೂ ಬಹಳಷ್ಟು ಕಡೆ ಹಾಸಿಕೊಂಡಿದೆ. ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಡಿಯನ್ನು ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕೊರೆದು ತೆಗೆದದ್ದು ಇದೇ ಬಂಡೆಯಲ್ಲಿ. ನಮ್ಮ ದೊರೆಗಳ ಕಾಲದ ಉಳಿಗೆ ಮಣಿದ ಕಲ್ಲು ನಮ್ಮ ಹಾರೆಗೆ ಮಾತ್ರ ಅಷ್ಟು ಸುಲಭವಾಗಿ ಮಣಿಯಲೊಲ್ಲದು!

ಧಾಯರಿಯ ಕಡೆಗೆ ತಂದೆಯವರು ಕೊಂಡ ಸಣ್ಣ ಜಾಗದಲ್ಲಿ ನಮ್ಮ ಮನೆ. ಹಿಂದೆ ಉಳಿದದ್ದು 25 ಅಡಿ ಉದ್ದ, 15 ಅಡಿ ಅಗಲ, ಅದೂ ಇಳಿಜಾರು. ಇದನ್ನೇನು ಮಾಡಬೇಕೆಂದು ಮನೆಯಲ್ಲಿ ವರುಷವಿಡೀ ಚರ್ಚೆ ನಡೆದಿತ್ತು. “ಒಂದು ಖೋಲಿ ಕಟ್ಟಸು, ತಿಂಗಳಾ ಬಾಡಿಗಿ ಬರತದ” ಎಂದು ತಂದೆಯವರು. ಗುಮಾಸ್ತನ ಸಂಬಳ ಬಲ್ಲವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಾಗಿ ನಮ್ಮದು ವರ್ಗದ ನೌಕರಿ. ಇಂದು ಹಚ್ಚಿದ ಗಿಡ ಕಾಯಿ ಬಿಡುವುದರೊಳಗೆ ನಾವು ನಾಗಪುರಕ್ಕೋ ಮತ್ತೆಲ್ಲಿಗೋ ಗಂಟು ಕಟ್ಟಬೇಕಾದೀತು. ಅವ್ವನದು ಒಂದೇ ಮಾತು: “ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷಾತು. ಇನ್ನೂ ಒಂದು ಗಿಡಾ ಹಚ್ಚಿಲ್ಲ ನಾವು.” ಖೋಲಿಯ ಮಾತು ಅಲ್ಲಿಗೇ ನಿಂತಿತು.

ಕಲ್ಲನ್ನೆಲ್ಲ ಎತ್ತಿಸಿ ಎರಡು ಟ್ರಕ್ಕು ಕರಿಮಣ್ಣು ಹಾಕಿಸಿರೆಂದು ನೆರೆಯವರ ಸಲಹೆ. ಲೆಕ್ಕ ಹಾಕಿ ನೋಡಿದೆವು. ಕಲ್ಲು ಹೊರಗೆ ಸಾಗಿಸಲು ದುಡ್ಡು, ಮಣ್ಣು ಒಳಗೆ ತರಲು ದುಡ್ಡು. ತಂದ ಮಣ್ಣು ಇಳಿಜಾರಿನಲ್ಲಿ ಮೊದಲ ಮಳೆಗೇ ಗಟಾರದ ಪಾಲು. ಪುಣೆಗೆ ವರುಷಕ್ಕೆ ಸುಮಾರು 28 ಇಂಚು ಮಳೆ, ಅದರಲ್ಲಿ ಬಹುಪಾಲು ಜೂನದಿಂದ ಸಪ್ಟೆಂಬರದೊಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳ ನೀರನ್ನು ನೆಲದಲ್ಲಿ ಹಿಡಿದಿಡದವನು ಉಳಿದ ಎಂಟು ತಿಂಗಳು ನಳದ ಬಾಯಿ ನೋಡುತ್ತ ಕೂಡ್ರಬೇಕು. ಹಿಡಿದಿಡುವ ಸಾಧನವೋ, ಹಿತ್ತಲಲ್ಲಿಯೇ ರಾಶಿ ಬಿದ್ದಿತ್ತು.

ನಮ್ಮ ಕಡೆಯ ಹೊಲಗಳ ಒಡ್ಡುಗಳನ್ನು ಕಂಡವರಿಗೆ ಈ ಕೆಲಸ ಹೊಸದೇನಲ್ಲ. ಇಳಿಜಾರನ್ನು ಮೂರು ಮೆಟ್ಟಿಲು ಮಾಡಿ, ಒಂದೊಂದರ ಅಂಚಿಗೂ ಮೊಣಕಾಲೆತ್ತರದ ಕಲ್ಲಿನ ಒಡ್ಡು ಕಟ್ಟಿದೆವು. ದೊಡ್ಡ ಕಲ್ಲು ತಳಕ್ಕೆ, ಅದೂ ಅರ್ಧ ಅಡಿ ನೆಲದೊಳಗೆ. ಪ್ರತಿಯೊಂದು ಕಲ್ಲೂ ತುಸು ಒಳಗೆ, ಏರಿನ ಕಡೆಗೆ ವಾಲಿರಬೇಕು. ಹಿಂದೆ ಸಣ್ಣ ಚಕ್ಕೆಗಳನ್ನು ಗಿಡಿಯಬೇಕು. ಸಿಮೆಂಟು ಮಾತ್ರ ಬೇಡವೇ ಬೇಡ. ಸಂದುಗಳಿಂದ ನೀರು ಒಸರಿ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಸಂದು ಮುಚ್ಚಿದ ಗೋಡೆಯ ಹಿಂದೆ ನೀರು ನಿಂತರೆ ಅದು ಗೋಡೆಯನ್ನೇ ದೂಡುತ್ತದೆ. ಚಪ್ಪಟೆ ಕಲ್ಲುಗಳು ನಡೆದಾಡುವ ದಾರಿಗಾದವು. ಎತ್ತಲಾಗದ ಒಂದು ಗುಂಡನ್ನು ಇದ್ದಲ್ಲಿಯೇ ಬಿಟ್ಟೆವು. ಸಿಂಹಗಡ ರಸ್ತೆಯಲ್ಲಿ ಜಪಾನಿನ ಒಕಾಯಾಮಾದ ಕೋರಾಕುಎನ್ ಉದ್ಯಾನದ ಮಾದರಿಯ ತೋಟವಿದೆಯಷ್ಟೆ. ಜಪಾನೀಯರು ಕಲ್ಲನ್ನು ಅರ್ಧ ಹೂಳಿ, ನೆಲದಿಂದಲೇ ಹುಟ್ಟಿ ಬಂದಂತೆ ಕೂಡ್ರಿಸುತ್ತಾರೆ. ನಮ್ಮ ಗುಂಡಿಗೆ ಆ ಶ್ರಮವೂ ಬೇಕಾಗಲಿಲ್ಲ.

ಗಿಡಕ್ಕೆ ಎರಡಡಿ ಉದ್ದ, ಅಗಲ, ಆಳದ ತೆಗ್ಗು. ತೆಗ್ಗು ತೋಡಿದ ಮೇಲೆ ಎರಡು ಕೊಡ ನೀರು ಸುರಿದು ಮರುದಿನ ನೋಡಬೇಕು. ನೀರು ಇನ್ನೂ ನಿಂತಿದ್ದರೆ ಕೆಳಗೆ ಬಂಡೆಯಿದೆಯೆಂದೇ ಅರ್ಥ. ಅಲ್ಲಿ ಬೇರು ಕೊಳೆಯುತ್ತದೆ. ಹಾರೆಯಿಂದ ತಳ ಒಡೆಯಬೇಕು, ಇಲ್ಲವೆ ಜಾಗ ಬದಲಿಸಬೇಕು. ಮಾವಿನ ಆಸೆಯನ್ನು ಬಿಟ್ಟೆವು. 15 ಅಡಿಯಲ್ಲಿ ಅದಕ್ಕೆ ನೆರೆಯವರ ಜಾಗವೂ ಬೇಕಾಗುತ್ತದೆ. ಒಂದು ನಿಂಬೆ, ಒಂದು ಕರಿಬೇವು, ಪುರಂದರ ತಾಲೂಕಿನ ಹೆಸರುವಾಸಿ ಅಂಜೂರದ ಒಂದು ಸಸಿ, ಒಂದು ಪೇರಲ. ಪೇರಲದ ಜಾತಿ ಲಖನೌ-49. ಇದನ್ನು ಇಲ್ಲಿಯ ಗಣೇಶಖಿಂಡದ ಹಣ್ಣಿನ ಪ್ರಯೋಗಕೇಂದ್ರದಲ್ಲಿ 1927ರಲ್ಲಿ ಅಲಹಾಬಾದ್ ಸಫೇದದ ಸಸಿಗಳಿಂದ ಆರಿಸಿದರು. ಹುಟ್ಟಿದ್ದು ಪುಣೆಯಲ್ಲಿ, ಹೆಸರು ಪರವೂರಿನದು. ನಮ್ಮ ಮಕ್ಕಳ ಹಾಗೆಯೇ.

ಗಿಡದ ಸುತ್ತ ಕಲ್ಲು ಹಾಸಿದರೆ ಬೇಸಿಗೆಯಲ್ಲಿಯೂ ಕೆಳಗಿನ ಮಣ್ಣು ಬೇಗ ಆರುವುದಿಲ್ಲ. ಬುಡಕ್ಕೆ ತಾಗಿಸದೆ ಒಂದು ಗೇಣು ಬಿಟ್ಟು ಹಾಸಬೇಕು. ಕಲ್ಲೆತ್ತುವಾಗ ಹಾರೆಯಿಂದಲೇ ಎತ್ತಿರಿ, ಕೈ ಹಾಕಬೇಡಿರಿ. ಚೇಳಿಗೂ ತಂಪು ಬೇಕು.

ಕೆಳಗಿನ ಎರಡು ಮೆಟ್ಟಿಲು ಅವ್ವನ ರಾಜ್ಯ: ಬದನೆ, ಮೆಂತೆ, ಹಕ್ಕರಿಕೆ, ಪುಂಡಿಪಲ್ಲೆ. ಇಲ್ಲಿಯ ಮಂಡಯಿಯಲ್ಲಿ ಪುಂಡಿಯನ್ನು ಅಂಬಾಡಿಯೆಂದು ಮಾರುತ್ತಾರೆ, ಆದರೆ ಊರಿನ ಬೀಜದ ಹುಳಿಯೇ ಬೇರೆಯೆಂದು ಅವ್ವನ ವಾದ. ಕರಿಕಲ್ಲು ಹಗಲು ಕುಡಿದ ಬಿಸಿಲನ್ನು ರಾತ್ರಿ ಕಾರುತ್ತದಾದ್ದರಿಂದ ಪಡುವಣ ಒಡ್ಡಿನ ಬದಿಗೆ ಸೊಪ್ಪು ಬಾಡುತ್ತದೆ. ಅಲ್ಲಿ ಹೀರೆಯ ಬಳ್ಳಿ ಹಬ್ಬಿಸಿ ಕಲ್ಲಿಗೇ ನೆರಳು ಮಾಡಿದ್ದೇವೆ.

ಮೂರನೆಯ ವರುಷ ಪೇರಲ ಕಾಯಿ ಬಿಟ್ಟಿತು. ಬೆಳಿಗ್ಗೆ ಅವನ್ನು ಎಣಿಸುವ ಕೆಲಸವನ್ನು ತಂದೆಯವರು ತಾವಾಗಿಯೇ ವಹಿಸಿಕೊಂಡಿದ್ದಾರೆ. ವರ್ಗದ ಹುಕುಂ ಇನ್ನೂ ಬಂದಿಲ್ಲ. ಬಂದರೆ ನಾನೊಬ್ಬನೇ ಹೋಗತಕ್ಕದ್ದೆಂದು ಮನೆಯಲ್ಲಿ ಆಗಲೇ ಠರಾವಾಗಿದೆ. ಗಿಡಗಳಿಗೆ ನೀರು ಹಾಕುವವರು ಬೇಕಲ್ಲ!