ಐವತ್ತೆಂಟರಿಂದ ಎಪ್ಪತ್ತು: ಗಡಿಭಾಗದ ನಿವೃತ್ತರು ಆರೋಗ್ಯ ರಕ್ಷಣೆ ಆರಿಸಿಕೊಳ್ಳುವ ಬಗೆ

ನಾನು ಜಳಕೋಟದಿಂದಲೇ ಮಾತಾಡ್ತಾ ಇದ್ದೀನಿ. ಇಲ್ಲಿ ಕರೆಂಟು ಹೋದರೆ ಒಂದೆರಡು ನಿಮಿಷ ನಾನು ಕಾಣಿಸದೆ ಹೋಗಬಹುದು, ದಯವಿಟ್ಟು ಕಾಯಿರಿ.

ಹಿಂದಿನ ಗೋಷ್ಠಿಯಲ್ಲಿ ಅಮೆರಿಕದ ಮೆಡಿಕೇರ್ ಬಗ್ಗೆ ಚರ್ಚೆ ಆಯಿತು. ಅದರಿಂದ ನಾನು ಒಂದೇ ಅಂಶ ಎತ್ತಿಕೊಳ್ಳುತ್ತೇನೆ. ಅಲ್ಲಿ 65 ತುಂಬುವ ತಿಂಗಳು, ಅದಕ್ಕೆ ಮುಂಚಿನ ಮೂರು, ಆಮೇಲಿನ ಮೂರು, ಒಟ್ಟು 7 ತಿಂಗಳೊಳಗೆ ಹೆಸರು ನೋಂದಾಯಿಸಬೇಕು. ಬೇರೆ ವಿಮೆ ಇಲ್ಲದೆ ಸುಮ್ಮನೆ ತಡಮಾಡಿದರೆ 'ಬಿ' ಭಾಗದ ಕಂತು ಪ್ರತಿ ಪೂರ್ಣ ವರ್ಷಕ್ಕೆ ಶೇ. 10ರಂತೆ ಏರುತ್ತದೆ, ಸಾಮಾನ್ಯವಾಗಿ ಅದು ಕೊನೆವರೆಗೂ ಹಾಗೇ ಉಳಿಯುತ್ತದೆ. ಮೆಡಿಗ್ಯಾಪ್ ಎನ್ನುವ ಪೂರಕ ಪಾಲಿಸಿಯನ್ನು ಮೊದಲ 6 ತಿಂಗಳಲ್ಲಿ ಕೇಳಿದರೆ ಕಂಪನಿ ಕಾಯಿಲೆ ನೆಪದಲ್ಲಿ ನಿರಾಕರಿಸುವಂತಿಲ್ಲ. ಅಂದ್ರೆ ಅಲ್ಲಿ ಗಡಿಯಾರ ಕಾನೂನಿನಲ್ಲೇ ಇದೆ, ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ಯಾರೂ ಇಂಥ ದಿನಾಂಕ ಹೇಳುವುದಿಲ್ಲ. ಹಾಗಂತ ಗಡಿಯಾರ ಇಲ್ಲ ಅಂತಲ್ಲ. ಅದು ಪಾಲಿಸಿಯ ಒಳಪುಟದಲ್ಲಿ, ಆಧಾರ್ ಕಾರ್ಡಿನಲ್ಲಿ, ರಾಜ್ಯದ ಗಡಿಯಲ್ಲಿ ಅಡಗಿ ಕೂತಿದೆ. ನನ್ನ ಪ್ರಬಂಧ ಅದರ ಮೇಲೆ.

ಮೊದಲು ಊರಿನ ವಿಷಯ. ಉದಗೀರ, ನಿಲಂಗಾ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಉದಗೀರಿನಿಂದ ಬೇರೆಯಾಗಿ ತಾಲೂಕಾದದ್ದು ನಮ್ಮ ಜಳಕೋಟ. ಕಡತ ಲಾತೂರಿಗೆ ಹೋಯಿತು, ಬೀಗತನ ಬೀದರಿನ ಕಡೆಗೇ ಉಳಿಯಿತು. ನನ್ನ ಅಕ್ಕನನ್ನು ಕೊಟ್ಟದ್ದು ಭಾಲ್ಕಿಗೆ. ಉದಗೀರಿನಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ, ಬೀದರ್ ಆಗಿ ಹೈದರಾಬಾದಿಗೆ ಹೋಗಬಹುದು. ಹೀಗಾಗಿ ದೊಡ್ಡ ಕಾಯಿಲೆ ಬಂದರೆ ಇಲ್ಲಿಯ ಹಿರಿಯರ ಬಾಯಲ್ಲಿ ಮೊದಲು ಬರುವುದು ಬೀದರ್, ಇಲ್ಲವೆ ಹೈದರಾಬಾದ್. ಉಮರ್ಗಾದವರಿಗೆ ಹೆದ್ದಾರಿ ಇದೆ, ಅವರು ಸೊಲ್ಲಾಪುರ ಅಂತಾರೆ. ಆದರೆ ಕೈಯಲ್ಲಿರುವ ಕಾರ್ಡು ಹೇಳುವುದು ಬೇರೆ: ಲಾತೂರಿಗೆ ಹೋಗು.

ಆ ಕಾರ್ಡು ಯಾವುದು? ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ. 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಎಂಬ ಹೆಸರಲ್ಲಿ 8 ಜಿಲ್ಲೆಗಳಲ್ಲಿ ಶುರುವಾಗಿ, 2013ರ ನವೆಂಬರಿನಲ್ಲಿ ರಾಜ್ಯವಿಡೀ ಹಬ್ಬಿ, 2017ರಲ್ಲಿ ಈಗಿನ ಹೆಸರು ಪಡೆಯಿತು. ಹಳದಿ ಮತ್ತು ಕೇಸರಿ ರೇಷನ್ ಕಾರ್ಡಿನವರಿಗೆ ಮೊದಲಿನಿಂದಲೂ ಇತ್ತು. 2023ರ ಜುಲೈ 28ರ ಆದೇಶ ಬಿಳಿ ಕಾರ್ಡಿನವರನ್ನೂ ಸೇರಿಸಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದಿತು. ಇದರ ದೊಡ್ಡ ಗುಣ ಅಂದ್ರೆ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಮಿತಿ ಅಂದ್ರೆ ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆ, ಅದೂ ರಾಜ್ಯದ ಒಳಗೆ. ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದ್ದರೆ ಮುಗಿಯಲಿಲ್ಲ. ನೋಂದಣಿ ವಿಭಾಗವಾರು ಆಗಿರುತ್ತದೆ. ಹೃದಯಕ್ಕೆ ಇರುವ ಕಡೆ ಮೂಳೆಗೆ ಇರಲಿಕ್ಕಿಲ್ಲ. ಕೆಲವು ಚಿಕಿತ್ಸೆಗಳಂತೂ ಸರ್ಕಾರಿ ಆಸ್ಪತ್ರೆಗೇ ಮೀಸಲು. ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯಮಿತ್ರರನ್ನು ಕೇಳಬೇಕು, ಇಲ್ಲವೆ 155388ಕ್ಕೆ ಫೋನ್ ಮಾಡಬೇಕು.

ಎರಡನೆಯದು ಕೇಂದ್ರದ ಆಯುಷ್ಮಾನ್ ಭಾರತ್, 2018ರ ಸೆಪ್ಟೆಂಬರಿನದು. ಇದರ ಕಾರ್ಡು ದೇಶದ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಆದರೆ ಇದು ಸಿಗುವುದು ಅರ್ಹರ ಪಟ್ಟಿಯಲ್ಲಿರುವ ಕುಟುಂಬಗಳಿಗೆ. ಪಿಂಚಣಿ ಬರುವ ಶಿಕ್ಷಕರು, ಗುಮಾಸ್ತರು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. 2024ರ ಅಕ್ಟೋಬರ್ 29ರಿಂದ ಒಂದು ಬದಲಾವಣೆ ಆಗಿದೆ. 70 ತುಂಬಿದ ಯಾರಿಗೇ ಆಗಲಿ, ಆದಾಯ ನೋಡದೆ, ವಯ ವಂದನಾ ಕಾರ್ಡು. ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ 5 ಲಕ್ಷ ಇಬ್ಬರಿಗೂ ಸೇರಿ. ಗಂಡನಿಗೆ 72, ಹೆಂಡತಿಗೆ 66 ಆಗಿದ್ದರೆ ಹೆಂಡತಿಗೆ ಇದರಲ್ಲಿ ಪಾಲಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಹಾರಾಷ್ಟ್ರದಲ್ಲಿ ಹೆಚ್ಚಿನ ರಾಜ್ಯ ನೌಕರರು 58ಕ್ಕೆ ನಿವೃತ್ತರಾಗುತ್ತಾರೆ. 70ಕ್ಕೆ ಬೀದರಿನ, ಹೈದರಾಬಾದಿನ ಬಾಗಿಲು ಸರ್ಕಾರಿ ಕಾರ್ಡಿಗೆ ತೆರೆಯುತ್ತದೆ. ನಡುವಿನ ಹನ್ನೆರಡು ವರ್ಷ ಇದೆಯಲ್ಲ, ಆ ಅವಧಿಯಲ್ಲಿ ನಮ್ಮವರ ಕಾರ್ಡು ಒಂದು ದಿಕ್ಕಿಗೆ, ನೆಂಟಸ್ತನ ಇನ್ನೊಂದು ದಿಕ್ಕಿಗೆ. ಅಪ್ಪ-ಅವ್ವ ವರ್ಷದಲ್ಲಿ ಎರಡು ತಿಂಗಳು ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿರುತ್ತಾರೆ. ಅಲ್ಲಿ ಎದೆನೋವು ಬಂದರೆ ಅವರ ರಾಜ್ಯದ ಕಾರ್ಡಿನ ಬಲ ಲಾತೂರಿನಷ್ಟು ದೂರ. ಆಯ್ಕೆ ಅನ್ನುವುದು ನಿಜವಾಗಿ ಇರುವುದು ಈ ಹನ್ನೆರಡು ವರ್ಷಕ್ಕೆ, ಮತ್ತು ಅದನ್ನು ಮಾಡಬೇಕಾದ ಕಾಲ ಅದಕ್ಕೂ ಮುಂಚೆ.

ಕೆಲವರಿಗೆ ನೌಕರಿಯಿಂದಲೇ ಏನಾದರೂ ಬರುತ್ತದೆ, ಬೇಗ ಹೇಳಿ ಮುಗಿಸ್ತೀನಿ. ಬ್ಯಾಂಕಿನ ನಿವೃತ್ತರಿಗೆ 2015ರ ಒಪ್ಪಂದದಿಂದ ಗುಂಪು ವಿಮೆ ಇದೆ, ಕಂತಿನ ಭಾರ ಹೆಚ್ಚಾಗಿ ಅವರದೇ. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ 5 ವರ್ಷ ದುಡಿದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ಚಿಕಿತ್ಸೆ ಉಳಿಸಿಕೊಳ್ಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಇದೆ. ಇವು ಯಾವುದೂ ಇಲ್ಲದವರು ಖಾಸಗಿ ಪಾಲಿಸಿಯ ಕಡೆ ನೋಡುತ್ತಾರೆ. ನನ್ನ ಅಪ್ಪ ನೋಡಿದ ಹಾಗೆ.

ಅಪ್ಪ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. 2019ರ ಮೇ 31ಕ್ಕೆ ನಿವೃತ್ತಿ. ಜುಲೈನಲ್ಲಿ ಒಬ್ಬ ಏಜೆಂಟರು ಮನೆಗೆ ಬಂದು 3 ಲಕ್ಷದ ಪಾಲಿಸಿ ಮಾಡಿಸಿದರು. ಫಾರ್ಮು ಇಂಗ್ಲಿಷಿನಲ್ಲಿ. ಅಪ್ಪ ಶುಗರಿನ ಮಾತ್ರೆ ತೋರಿಸಿದಾಗ ಅವರು, "ಅದೆಲ್ಲ ಬರೀಬ್ಯಾಡ್ರಿ ಗುರುಜಿ, ಹಪ್ತಾ ಏರ್ತದ" ಅಂದರು. ಅಪ್ಪ ಸಹಿ ಹಾಕಿದರು. ಇಂಥ ಫಾರ್ಮಿನ ಕೊನೆಯಲ್ಲಿ ಅರ್ಜಿದಾರರ ಭಾಷೆಯಲ್ಲಿ ವಿವರಿಸಿ ಹೇಳಲಾಗಿದೆ ಎಂಬ ಘೋಷಣೆ ಇರುತ್ತದೆ. ಅದಕ್ಕೂ ಸಹಿ ಬಿತ್ತು. 2021ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಬೇಕಾಯಿತು. ಆಸ್ಪತ್ರೆಯ ಹಳೆಯ ಕಾಗದದಲ್ಲಿ ಎಂಟು ವರ್ಷದಿಂದ ಶುಗರ್ ಅಂತ ಬರೆದಿತ್ತು. ಕ್ಲೇಮು ತಿರಸ್ಕಾರವಾಯಿತು, ಪಾಲಿಸಿಯೂ ರದ್ದಾಯಿತು. ಅವ್ವನ ಬಂಗಾರ ಅಡವಿಟ್ಟು ಬಿಲ್ಲು ಕಟ್ಟಿದೆವು.

ಬಹಳ ದಿನ ನಾನು ಏಜೆಂಟರನ್ನೇ ಬೈದುಕೊಂಡಿದ್ದೆ. ಆಮೇಲೆ ನಿಯಮ ಓದಿದಾಗ ಬೇರೆಯೇ ಕಂಡಿತು. ಅಪ್ಪ ನಿಜ ಬರೆದಿದ್ದರೂ ಆ ಬಿಲ್ಲು ಸಿಗುವುದು ಕಷ್ಟವೇ ಇತ್ತು. ಯಾಕಂದ್ರೆ ಮೊದಲೇ ಇರುವ ಕಾಯಿಲೆ, ಅದರಿಂದ ಹುಟ್ಟಿದ ತೊಂದರೆಗಳಿಗೆ ಆಗ 4 ವರ್ಷದವರೆಗೂ ಕಾಯಿಸಬಹುದಿತ್ತು. ಪಾಲಿಸಿಗೆ ಆಗಿದ್ದದ್ದು ಎರಡೇ ವರ್ಷ. ಆದರೆ ನಿಜ ಬರೆದಿದ್ದರೆ ಪಾಲಿಸಿ ಉಳಿಯುತ್ತಿತ್ತು, 2023ಕ್ಕೆ ಕಾಯುವ ಅವಧಿ ಮುಗಿದು ಇವತ್ತು ಅವರ ಕೈಯಲ್ಲಿ ಒಂದು ಗಟ್ಟಿ ಪಾಲಿಸಿ ಇರುತ್ತಿತ್ತು. ಸುಳ್ಳಿನಿಂದ ಕಳೆದುಕೊಂಡದ್ದು ಆ ಬಿಲ್ಲಿಗಿಂತ ಹೆಚ್ಚಾಗಿ ಮುಂದಿನ ವರ್ಷಗಳನ್ನು. ಸ್ಟೆಂಟ್ ಬಿದ್ದ ಮೇಲೆ ಹೊಸ ಪಾಲಿಸಿ ಕೇಳಿದ ಕಡೆಯೆಲ್ಲ ನಿರಾಕರಣೆ. ನಾವು ನಿಜ ಬರೆದು, ಐವತ್ತನಾಲ್ಕಕ್ಕೇ ಶುರು ಮಾಡಬೇಕಿತ್ತು.

ಇನ್ನೊಂದು ತಪ್ಪು ನಮ್ಮದೇ. ಆಗ ಬಿಳಿ ಕಾರ್ಡಿಗೆ ರಾಜ್ಯದ ಯೋಜನೆ ಇಲ್ಲ ಅಂತ ಊರೆಲ್ಲ ನಂಬಿತ್ತು. ಆದರೆ ರೈತರ ಆತ್ಮಹತ್ಯೆಯಿಂದ ಬಾಧಿತವಾದ 14 ಜಿಲ್ಲೆಗಳಲ್ಲಿ, ಅದರಲ್ಲಿ ಲಾತೂರೂ ಉಸ್ಮಾನಾಬಾದೂ ಸೇರಿದ್ದವು, ಸಾತ್-ಬಾರಾ ಉತಾರಾ ಇರುವ ಬಿಳಿ ಕಾರ್ಡಿನ ರೈತ ಕುಟುಂಬಗಳಿಗೂ ಅದು ಇತ್ತು. ಅಪ್ಪನ ಹೆಸರಲ್ಲಿ ಮೂರು ಎಕರೆ ಇದೆ. ನಮಗೆ ಸಿಗುತ್ತದಾ ಅಂತ ಒಂದು ಮಾತು ಕೇಳಲೂ ಇಲ್ಲ.

2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮಗಳನ್ನು ತಿದ್ದಿತು. ಹೊಸ ಪಾಲಿಸಿಗೆ 65ರ ವಯೋಮಿತಿ ಈಗ ಇಲ್ಲ. ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. 5 ವರ್ಷ ಬಿಡದೆ ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾದರೆ ಬೇರೆ, ಇಲ್ಲದಿದ್ದರೆ ಮಾಹಿತಿ ಮುಚ್ಚಿಟ್ಟ ಕಾರಣ ಹೇಳಿ ಕ್ಲೇಮು ತಳ್ಳುವಂತಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ ಓದಿ ವಾಪಸು ಕೊಡಲು 30 ದಿನ ಇದೆ. 2025ರ ಜನವರಿಯಿಂದ ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಪ್ರಾಧಿಕಾರದೊಂದಿಗೆ ಮೊದಲೇ ಸಮಾಲೋಚಿಸಬೇಕು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ಹೋಗಿದೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ವಯೋಮಿತಿ ಇಲ್ಲ ಅಂದರೆ ಕೇಳಿದವರಿಗೆಲ್ಲ ಕೊಡಲೇಬೇಕು ಅಂತಲ್ಲ. ಮೆಡಿಗ್ಯಾಪಿನ ಆರು ತಿಂಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ ನೋಡಿ.

ಒಂದು ಲೆಕ್ಕ ಮಾತ್ರ ಬಿಡಿಸಿ ತೋರಿಸ್ತೀನಿ, ಯಾಕಂದ್ರೆ ಪಿಂಚಣಿದಾರರು ಹೆಚ್ಚು ಮೋಸ ಹೋಗುವುದು ಇಲ್ಲೇ. 3 ಲಕ್ಷದ ಪಾಲಿಸಿ, ರೂಮು ಬಾಡಿಗೆಗೆ ಮಿತಿ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ. ಮಗ ಪ್ರೀತಿಯಿಂದ 6,000ದ ರೂಮು ಹಿಡಿದ, 5 ದಿನ. ರೂಮಿನದು 30,000. ಡಾಕ್ಟರು, ಆಪರೇಷನ್ ಥಿಯೇಟರು, ನರ್ಸಿಂಗು ಸೇರಿ 1,20,000. ಔಷಧ, ತಪಾಸಣೆ, ದೇಹದೊಳಗೆ ಹಾಕಿದ ಸಾಮಾನು 80,000. ಒಟ್ಟು 2,30,000. ಬಹುತೇಕರು ತಿಳಿಯುವುದು ರೂಮಿನ ಹೆಚ್ಚುವರಿ 15,000 ನಾವು ಕೊಟ್ಟರೆ ಆಯಿತು ಅಂತ. ಹಾಗಲ್ಲ. ರೂಮು ಮಿತಿಯ ಎರಡರಷ್ಟು ಆದ್ದರಿಂದ ಡಾಕ್ಟರು, ಥಿಯೇಟರಿನ ಖರ್ಚಿನಲ್ಲೂ ಅರ್ಧವೇ ಸಿಗುತ್ತದೆ. ಔಷಧ, ತಪಾಸಣೆಯದು ಮಾತ್ರ ಪೂರ್ತಿ. ಕಂಪನಿ ಕೊಡುವುದು 15,000, 60,000, 80,000, ಒಟ್ಟು 1,55,000. ಕೈಯಿಂದ ಹೋಗುವುದು 75,000. ರೂಮಿನ ದರ್ಜೆ ನೋಡಿ ಬಿಲ್ಲು ಬದಲಿಸದ ಆಸ್ಪತ್ರೆಯಲ್ಲಿ ಈ ಕಡಿತ ಮಾಡುವಂತಿಲ್ಲ, ಅದನ್ನು ದಾಖಲಾಗುವ ದಿನವೇ ಕೇಳಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಪಾಲಿಸಿ ಹೋಲಿಸುವಾಗ ಕಂತಿಗಿಂತ ಮೊದಲು ಈ ಸಾಲು ಓದಬೇಕು, ಆಮೇಲೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯ ಇದೆ ಅಂತ ನೋಡಬೇಕು. ಪುಣೆಯ ನೂರು ಆಸ್ಪತ್ರೆಗಳ ಪಟ್ಟಿ ಜಳಕೋಟದವರಿಗೆ ಏನು ಮಾಡೋದು?

ನಮ್ಮ ಮನೆಯಲ್ಲಿ ಈಗ ಇರುವ ವ್ಯವಸ್ಥೆ ಹೀಗಿದೆ. ಅಪ್ಪನಿಗೆ ರಾಜ್ಯದ ಯೋಜನೆ, ಹೃದಯಕ್ಕೆ ಲಾತೂರೇ ಅಂತ ತೀರ್ಮಾನ. ಯಾವ ಆಸ್ಪತ್ರೆ, ಯಾವ ವಿಭಾಗ ಅಂತ ಮೊದಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಪಾಲಿಸಿಯ ಕಂತಿಗೆ ಹೋಗಬೇಕಾದ ಹಣ ಅವರ ಹೆಸರಲ್ಲಿ ಠೇವಣಿಗೆ ಹೋಗುತ್ತಿದೆ, ಭಾಲ್ಕಿಯಲ್ಲಿದ್ದಾಗ ಏನಾದರೂ ಆದರೆ ಅಂತ. ಅವ್ವನಿಗೆ ಮಾತ್ರ ಪ್ರತ್ಯೇಕ ಪಾಲಿಸಿ, ಬಿಪಿ ಇದೆ ಅಂತ ದಪ್ಪಕ್ಷರದಲ್ಲಿ ಬರೆದು. ಇಬ್ಬರ ದಿನದ ಮಾತ್ರೆ ಇದಾವುದರಲ್ಲೂ ಬರುವುದಿಲ್ಲ, ಅದಕ್ಕೆ ಜನೌಷಧಿ ಅಂಗಡಿ.

(ಇಲ್ಲಿಂದ ಮುಂದೆ ಚರ್ಚೆ.)

ಮೇಡಂ ಕೇಳಿದರು: ಗಡಿಯ ಎರಡೂ ಕಡೆ ಮಕ್ಕಳಿರುವವರು ಎರಡೂ ರಾಜ್ಯದ ಕಾರ್ಡು ಮಾಡಿಸಿಕೊಳ್ಳಬಹುದಲ್ಲವೆ? ಇಲ್ಲ ಮೇಡಂ. ರೇಷನ್ ಕಾರ್ಡು ಒಂದೇ ಕಡೆ ಇರಬೇಕು, ಕರ್ನಾಟಕದ ಆರೋಗ್ಯ ಯೋಜನೆ ಅಲ್ಲಿಯ ನಿವಾಸಿಗಳಿಗೆ. ಎಲ್ಲಿ ಹೆಚ್ಚು ದಿನ ಇರುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು, ಅದು ಮನೆಯೊಳಗಿನ ಜಗಳದ ವಿಷಯವೂ ಹೌದು. 2023ರಲ್ಲಿ ಮಹಾರಾಷ್ಟ್ರ ತನ್ನ ಯೋಜನೆಯನ್ನು ಕರ್ನಾಟಕದ ಒಳಗಿನ 865 ಹಳ್ಳಿಗಳಿಗೆ ವಿಸ್ತರಿಸುವುದಾಗಿ ಹೇಳಿದಾಗ ಬೆಂಗಳೂರಿನಿಂದ ತೀವ್ರ ವಿರೋಧ ಬಂತು, ನಿಮಗೆ ನೆನಪಿರಬಹುದು. ಇಬ್ಬರೂ ಕಾದಾಡಿದ್ದು ನೆಲದ ಹಕ್ಕಿಗೆ. ರೋಗಿ ಎತ್ತ ಹೋಗುತ್ತಾನೆ ಅನ್ನುವುದು ಆ ಮಾತಿನಲ್ಲಿ ಬಂದದ್ದು ಕಡಿಮೆ.

ಗೆಳೆಯರೊಬ್ಬರ ಪ್ರಶ್ನೆ: ಕ್ಲೇಮು ತಿರಸ್ಕಾರ ಆದರೆ ಕೋರ್ಟೇ ದಾರಿಯಾ? ಮೊದಲು ಕಂಪನಿಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ನಮ್ಮ ಭಾಗಕ್ಕೆ ಪುಣೆಯ ಕಚೇರಿ. ಫೀಸಿಲ್ಲ, ವಕೀಲರು ಬೇಡ. ನಾವು ಅದನ್ನು ತಿಳಿದುಕೊಳ್ಳುವಷ್ಟರಲ್ಲಿ ವರ್ಷ ದಾಟಿತ್ತು.

ಕೊನೆಯ ಪ್ರಶ್ನೆ ವಯಸ್ಸಿನದು: 70 ಅನ್ನುವುದನ್ನು ಯಾವುದರಿಂದ ಲೆಕ್ಕ ಹಾಕ್ತಾರೆ? ಆಧಾರಿನಿಂದ ಸರ್. ನಮ್ಮ ಕಡೆ ಶಾಲೆಗೆ ಹಾಕುವಾಗ ಗುರುಜಿಗಳು ಜೂನ್ 1 ಅಂತ ಬರೆದುಬಿಟ್ಟ ತಲೆಮಾರು ದೊಡ್ಡದು. ತಿಂಗಳ ಮೊದಲ ದಿನ ಹುಟ್ಟಿದವರಿಗೆ ಹಿಂದಿನ ದಿನವೇ ನಿವೃತ್ತಿ, ಅದಕ್ಕೇ ಮೇ 31ಕ್ಕೆ ಅಷ್ಟೊಂದು ಬೀಳ್ಕೊಡುಗೆ. ಶಾಲೆಗೇ ಹೋಗದ ಹೆಂಗಸರ ಆಧಾರಿನಲ್ಲಿ ಅಂದಾಜಿನ ವರ್ಷ ಇರುತ್ತದೆ, ಎಷ್ಟೋ ಸಲ ಐದಾರು ವರ್ಷ ಕಡಿಮೆ. ಹುಟ್ಟಿದ ದಿನ ತಿದ್ದಿಸಲು ದಾಖಲೆ ಬೇಕು, ಅವಕಾಶವೂ ಪದೇ ಪದೇ ಸಿಗುವುದಿಲ್ಲ. ಅಪ್ಪನಿಗೆ ಕಾಗದದ ಪ್ರಕಾರ 2031ರ ಜೂನ್ 1ಕ್ಕೆ ಎಪ್ಪತ್ತು. ಅಜ್ಜಿ ಹೇಳುತ್ತಿದ್ದ ಪ್ರಕಾರ ಅವರು ಹುಟ್ಟಿದ್ದು ಅದಕ್ಕೂ ಹಿಂದಿನ ಎಳ್ಳಮಾವಾಸ್ಯೆಯ ಮರುದಿನ. ಕಾರ್ಡು ಮಾಡಿಸಲು ನಾವು ಜೂನಿಗೇ ಹೋಗಬೇಕು.